ಹೊಂದಿಕೊಳ್ಳುವುದು ಎಲ್ಲಿಯವರೆಗೆ?

ಮದುವೆಯಾಗಿ ಹೊರಟ ಹುಡುಗಿಗೆ ನಮ್ಮ ತಿಂಥಣಿಯ ಕಡೆ ಹಿರಿಯರು ಹೇಳುವ ಮಾತು ಒಂದೇ: “ಹೋದ ಮನಿಗೆ ಹೊಂದಿಕೊಂಡು ಹೋಗವ್ವ.” ಕೃಷ್ಣೆಯ ಸೇತುವೆ ದಾಟಿ ದೇವದುರ್ಗದ ಕಡೆ ಹೋಗಲಿ, ಸುರಪುರಕ್ಕೆ ಹೋಗಲಿ, ಬುತ್ತಿಯ ಜೊತೆ ಈ ಮಾತನ್ನೂ ಕಟ್ಟಿ ಕಳಿಸುತ್ತಾರೆ. ಹೊಂದಿಕೊಳ್ಳುವುದು ಒಳ್ಳೆಯದೇ. ಆದರೆ ಎಲ್ಲಿಯವರೆಗೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಇದಕ್ಕೊಂದು ಉತ್ತರ ನನಗೆ ಸಿಕ್ಕಿದ್ದು ಕಂಪ್ಯೂಟರ್ ಕೆಲಸದವರಿಂದ. ಬೆಂಗಳೂರಿನಲ್ಲಿ ಆ ಕೆಲಸದಲ್ಲಿರುವ ತಂಗಿಯ ಮಗಳು ವಿವರಿಸಿದಳು. ಅವರು ಬರೆದ ಒಂದೇ ಪ್ರೋಗ್ರಾಂ ಮೊದಲು ಅವರ ಮೇಜಿನ ಮೇಲೆ, ಆಮೇಲೆ ಪರೀಕ್ಷೆಯ ಕಂಪ್ಯೂಟರಿನಲ್ಲಿ, ಕೊನೆಗೆ ಜನ ಬಳಸುವ ಕಡೆ ಓಡಬೇಕು. ಪ್ರತಿ ಜಾಗಕ್ಕೂ ವಿಳಾಸ ಬೇರೆ, ಪಾಸ್‌ವರ್ಡ್ ಬೇರೆ. ಅವನ್ನು ಪ್ರೋಗ್ರಾಮಿನ ಜೊತೆಗಿರುವ ಫೈಲಿನಲ್ಲಿ ಬರೆದಿಟ್ಟರೆ, ನಕಲು ಮಾಡಿಕೊಂಡವರಿಗೆಲ್ಲ ಬೀಗದ ಕೈ ಕೊಟ್ಟಂತೆ. ಅದಕ್ಕೆ ಅವನ್ನು ಹೊರಗಿಟ್ಟು, ಪ್ರೋಗ್ರಾಂ ಶುರುವಾಗುವಾಗ ಆ ಜಾಗವೇ ಅದಕ್ಕೆ ಹೇಳುವಂತೆ ಮಾಡುತ್ತಾರೆ. ಇದಕ್ಕೆ ‘ಎನ್ವಿರಾನ್‌ಮೆಂಟ್ ವೇರಿಯಬಲ್’ ಎಂದು ಹೆಸರು. 1979ರ ಯುನಿಕ್ಸ್‌ನಲ್ಲೇ ಈ ಏರ್ಪಾಟಿತ್ತು. 2011ರಲ್ಲಿ ಹೆರೋಕು ಸಂಸ್ಥೆಯ ಆಡಮ್ ವಿಗ್ಗಿನ್ಸ್ ಬರೆದ ಹನ್ನೆರಡು ಸೂತ್ರಗಳಲ್ಲಿ ಮೂರನೆಯದು ಇದನ್ನೇ ಹೇಳುತ್ತದೆ. ಅಲ್ಲೊಂದು ಪರೀಕ್ಷೆಯೂ ಇದೆ: ಪ್ರೋಗ್ರಾಮನ್ನು ಈ ಗಳಿಗೆಯಲ್ಲೇ ಎಲ್ಲರ ಮುಂದೆ ಬಿಚ್ಚಿಟ್ಟರೂ ಒಂದು ಗುಟ್ಟೂ ಹೊರಬೀಳಬಾರದು.

ನನಗೆ ಹಿಡಿಸಿದ್ದು ಅದರ ಹಿಂದಿರುವ ವಿಂಗಡಣೆ. ಜಾಗಕ್ಕೆ ತಕ್ಕಂತೆ ಬದಲಾಗುವುದು ಮಾತ್ರ ಹೊರಗಿನಿಂದ ಬರಬೇಕು. ಪ್ರೋಗ್ರಾಂ ಎಲ್ಲ ಕಡೆಯೂ ಅದೇ. ಊಟದ ಹೊತ್ತು, ಸಾರಿನ ಖಾರ, ಹಬ್ಬದ ಪದ್ಧತಿ ಇವೆಲ್ಲ ಮನೆ ಹೇಳಿದಂತೆ ಆಗಲಿ. ಸತ್ಯ, ಕಲಿತ ವಿದ್ಯೆ, ಮೈಮೇಲೆ ಕೈ ಮಾಡಿಸಿಕೊಳ್ಳದಿರುವುದು ಇವನ್ನು ಯಾವ ಮನೆಯೂ ತಿದ್ದುವಂತಿಲ್ಲ. ನಮ್ಮೂರ ಮೌನೇಶ್ವರನ ಗುಡಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ರೀತಿ ಬೇರೆ, ಭಕ್ತಿ ಒಂದೇ.

ಇನ್ನೊಂದು ಸಂಗತಿ. ಬೇಕಾದ್ದನ್ನು ಹೇಳದೆ ಬಿಟ್ಟರೆ, ಸರಿಯಾಗಿ ಬರೆದ ಪ್ರೋಗ್ರಾಂ ಊಹೆಯ ಮೇಲೆ ಮುಂದುವರಿಯುವುದಿಲ್ಲ. ‘ಇದನ್ನು ನನಗೆ ಹೇಳಿಲ್ಲ’ ಎಂದು ಆರಂಭದಲ್ಲೇ ನಿಲ್ಲುತ್ತದೆ. ನಮ್ಮ ಹುಡುಗಿಯರು ಹೊಸ ಮನೆಯಲ್ಲಿ ಹಾಗೆ ಕೇಳಿದರೆ ಎದುರುತ್ತರವೆನ್ನುತ್ತಾರೆ. ಅದಕ್ಕೇ ಎಷ್ಟೋ ಜನ ವರ್ಷಗಟ್ಟಲೆ ಊಹೆಯಲ್ಲೇ ಸಂಸಾರ ಮಾಡುತ್ತಾರೆ.

ಈ ಏರ್ಪಾಟಿಗೂ ದೋಷವಿದೆ. ಒಂದು ಪ್ರೋಗ್ರಾಂ ಇನ್ನೊಂದನ್ನು ಹುಟ್ಟಿಸಿದಾಗ, ತಡೆಯದಿದ್ದರೆ ತಾಯಿಗೆ ಹೇಳಿದ್ದೆಲ್ಲ ಮಗುವಿಗೂ ಹೋಗುತ್ತದೆ, ಗುಟ್ಟಿನ ಸಮೇತ. ಮಗು ತನ್ನ ಪ್ರತಿಯನ್ನು ಬದಲಿಸಿಕೊಳ್ಳಬಹುದು. ಅದರಿಂದ ತಾಯಿಯದು ಬದಲಾಗದು. ನಾವೂ ‘ಹೊಂದಿಕೋ’ ಎನ್ನುವಾಗ ನಮ್ಮ ಅಂಜಿಕೆಯನ್ನೂ ಅರಿವಿಲ್ಲದೆ ದಾಟಿಸುತ್ತೇವೆ. ಏನನ್ನು ದಾಟಿಸಬೇಕು, ಏನನ್ನು ನಮ್ಮಲ್ಲೇ ನಿಲ್ಲಿಸಬೇಕು ಎಂದು ಆರಿಸುವ ಕೆಲಸ ತಾಯಂದಿರದು. ಮಗಳನ್ನು ಕಳಿಸುವಾಗ ಬದಲಾಗಬಹುದಾದದ್ದರ ಪಟ್ಟಿಯ ಜೊತೆಗೆ, ಬದಲಾಗಬಾರದ್ದನ್ನೂ ಹೆಸರಿಟ್ಟು ಹೇಳಿ ಕಳಿಸೋಣ.