ಗೋಲು ಹೊಡೆಯದ ಡೆಲ್ಗಾಡೊ

1916ರಲ್ಲಿ ಅರ್ಜೆಂಟೀನಾ ತನ್ನ ಸ್ವಾತಂತ್ರ್ಯ ಘೋಷಣೆಯ ಶತಮಾನೋತ್ಸವಕ್ಕೆ ಉರುಗ್ವೆ, ಚಿಲಿ, ಬ್ರೆಜಿಲ್ ದೇಶಗಳನ್ನು ಫುಟ್ಬಾಲ್ ಆಡಲು ಕರೆಯಿತು. ಇಂದು ನಾವು ಕೋಪಾ ಅಮೆರಿಕ ಎನ್ನುವ ಟೂರ್ನಿ ಶುರುವಾದದ್ದು ಹಾಗೆ. ಜುಲೈ 2ರಂದು ಬ್ಯೂನಸ್ ಐರಿಸ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಉರುಗ್ವೆ 4-0 ಅಂತರದಿಂದ ಚಿಲಿಯನ್ನು ಸೋಲಿಸಿತು. ಎರಡು ಗೋಲು ಪಿಯೆಂಡಿಬೆನೆ ಹೊಡೆದದ್ದು, ಎರಡು ಇಸಬೆಲಿನೊ ಗ್ರಾಡಿನ್ ಹೊಡೆದದ್ದು.

ಸೋತ ಚಿಲಿಯ ಕಡೆಯವರು ತಕರಾರು ತೆಗೆದರು: ಉರುಗ್ವೆ ಇಬ್ಬರು ಆಫ್ರಿಕನ್ನರನ್ನು ಆಡಿಸಿದೆ, ಫಲಿತಾಂಶ ರದ್ದಾಗಬೇಕು. ಆ ಇಬ್ಬರೆಂದರೆ ಗ್ರಾಡಿನ್ ಮತ್ತು ಹುವಾನ್ ಡೆಲ್ಗಾಡೊ. ಇಬ್ಬರೂ ಉರುಗ್ವೆಯಲ್ಲೇ ಹುಟ್ಟಿದ ಕಪ್ಪು ಜನ. ಅಲ್ಲಿ ಗುಲಾಮಗಿರಿ ರದ್ದಾದದ್ದು 1842ರಲ್ಲಿ. ಎಪ್ಪತ್ತು ವರ್ಷ ಕಳೆದರೂ ನೆರೆಯವರ ಕಣ್ಣಿಗೆ ಅವರು ಹೊರಗಿನವರೇ. ತಕರಾರು ನಡೆಯಲಿಲ್ಲ. ಉರುಗ್ವೆ ಚಾಂಪಿಯನ್ ಆಯಿತು. ಒಟ್ಟು ಮೂರು ಗೋಲುಗಳೊಂದಿಗೆ ಗ್ರಾಡಿನ್ ಟೂರ್ನಿಯಲ್ಲೇ ಮೊದಲಿಗನಾದ.

ಈ ಕಥೆಯನ್ನು ನಾನು ಹಲವರಿಗೆ ಹೇಳಿದ್ದೇನೆ, ಪ್ರತಿಸಲವೂ 'ಕಾಲಿನಿಂದಲೇ ಉತ್ತರ ಕೊಟ್ಟ' ಎಂದು ಮುಗಿಸಿದ್ದೇನೆ. ಒಮ್ಮೆ ಕಿರಿಯ ಗೆಳತಿಯೊಬ್ಬಳು ಕೇಳಿದಳು: "ಹಾಗಾದ್ರೆ ಇನ್ನೊಬ್ಬ?"

ಡೆಲ್ಗಾಡೊ ಹಾಫ್-ಬ್ಯಾಕ್. ಇಡೀ ಟೂರ್ನಿಯಲ್ಲಿ ಅವನದು ಒಂದು ಗೋಲೂ ಇಲ್ಲ. ಗೋಲೇ ಉತ್ತರವೆಂದಾದರೆ ಅವನ ಬಳಿ ಉತ್ತರವಿರಲಿಲ್ಲ ಎಂದಾಯಿತಲ್ಲ?

ಕೀಳೆಂದು ಹಂಗಿಸುವವರ ಮುಂದೆ ಗೆದ್ದು ತೋರಿಸುವುದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ತಪ್ಪಿಲ್ಲ. ಆದರೆ ಚಿಲಿಯ ತಕರಾರನ್ನು ಮತ್ತೊಮ್ಮೆ ನೋಡಿ. ಇವರಿಗೆ ಆಡಲು ಬರುವುದಿಲ್ಲ ಎಂದು ಅದು ಹೇಳಲಿಲ್ಲ, ಇವರು ಆಡಬಾರದು ಎಂದಿತು. ಯೋಗ್ಯತೆಯ ಬಗ್ಗೆ ಅನುಮಾನವಿದ್ದವನಿಗೆ ಗೋಲು ತೋರಿಸಬಹುದು. ಅಂಗಳಕ್ಕೇ ಬರಬೇಡ ಎನ್ನುವವನಿಗೆ ಗೋಲೇ ದೂರಿಗೆ ಕಾರಣವಾಗುತ್ತದೆ.

ನಾನು ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ ಹಾಸ್ಟೆಲ್ಲಿನ ಊಟದ ಮೇಜಿನಲ್ಲಿ ಒಬ್ಬರು, "ನಿಮ್ದು ಯಾವ ಕೋಟಾ?" ಎಂದು ಕೇಳಿದರು. ನಾನು ಥಟ್ಟನೆ ನನ್ನ ರ‍್ಯಾಂಕು, ಫೆಲೋಶಿಪ್ಪು ಎಲ್ಲ ಒಪ್ಪಿಸಿದೆ. ಅವರು ಸುಮ್ಮನಾದರು. ಗೆದ್ದೆ ಅಂದುಕೊಂಡೆ. ಪಕ್ಕದಲ್ಲಿ ಕೂತಿದ್ದ, ನನ್ನಷ್ಟು ಅಂಕವಿಲ್ಲದ ಗೆಳೆಯ ತಟ್ಟೆ ಎತ್ತಿಕೊಂಡು ಎದ್ದುಹೋದ. ಅಂಕವೇ ಇಲ್ಲಿ ಕೂರುವ ಹಕ್ಕು ಎಂದು ಆ ದಿನ ಒಪ್ಪಿಕೊಂಡವನು ನಾನೇ, ಎದ್ದುಹೋಗಬೇಕಾದದ್ದು ಅವನಿಗೆ.

ಈಗಲೂ ಈ ಕಥೆ ಹೇಳುತ್ತೇನೆ, ಆದರೆ ಡೆಲ್ಗಾಡೊನಿಂದ ಶುರುಮಾಡುತ್ತೇನೆ. ಅವನು ಉರುಗ್ವೆಯವನು, ಆ ತಂಡದವನು. ಅಲ್ಲಿ ಆಡಲು ಅವನಿಗೆ ಅಷ್ಟು ಸಾಕಿತ್ತು.