ಪ್ರಮಾಣದ ಮಾತು

ಬೆಂಗಳೂರಿನ ಜಾಲಹಳ್ಳಿಯಲ್ಲಿ ನಮ್ಮ ಬೀದಿಯ ಅರಳಿಕಟ್ಟೆಯ ಮೇಲೆ ಬೆಳಗಿನ ಹೊತ್ತು ಕೂಡುವ ಹಿರಿಯರಲ್ಲಿ ಬಹುಮಂದಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು. ಕಳೆದ ಆಗಸ್ಟ್ ತಿಂಗಳಲ್ಲಿ ಅವರಲ್ಲೊಬ್ಬರು, ಎರಡನೆಯ ಮಹಾಯುದ್ಧಕಾಲದ ಬ್ರಿಟಿಷ್ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ಲರು ನಮ್ಮ ಸ್ವಾತಂತ್ರ್ಯದ ಸಂದರ್ಭದಲ್ಲಿ ನುಡಿದರೆಂಬ ಭವಿಷ್ಯವಾಣಿಯೊಂದನ್ನು ಮೊಬೈಲಿನಲ್ಲಿ ನೋಡಿ ಗಟ್ಟಿಯಾಗಿ ಓದಿದರು: ಅಧಿಕಾರವು ದುರ್ಜನರ, ದರೋಡೆಕೋರರ ಕೈಗೆ ಬೀಳುವುದಂತೆ, ನೀರಿಗೂ ಗಾಳಿಗೂ ತೆರಿಗೆ ಕಟ್ಟಬೇಕಾಗುವುದಂತೆ. ಕೇಳಿದವರೆಲ್ಲ ತಲೆದೂಗಿದರು. "ಯಾವ ಭಾಷಣದಲ್ಲಿ, ಸ್ವಾಮಿ?" ಎಂದೆನು. "ಎಲ್ಲರೂ ಹೇಳುತ್ತಾರಲ್ಲ" ಎಂಬುದೇ ಉತ್ತರವಾಯಿತು.

ಎಲ್ಲರೂ ಹೇಳುತ್ತಾರೆಂಬ ಈ ಮಾತಿಗೆ ನಮ್ಮ ದರ್ಶನಶಾಸ್ತ್ರದಲ್ಲಿ ಐತಿಹ್ಯವೆಂದು ಹೆಸರು. ಮೊದಲು ನುಡಿದವನಾರೆಂದು ತಿಳಿಯದೆ ಬಾಯಿಂದ ಬಾಯಿಗೆ ಹರಿದುಬಂದ ವಾಕ್ಯಕ್ಕೆ ಪ್ರಾಚೀನರು ಕೊಡುವ ನಿದರ್ಶನ, ಈ ಆಲದ ಮರದಲ್ಲಿ ಯಕ್ಷನೊಬ್ಬನು ವಾಸಿಸುತ್ತಾನೆಂಬುದು. ಪೌರಾಣಿಕರು ಐತಿಹ್ಯವನ್ನು ಸ್ವತಂತ್ರ ಪ್ರಮಾಣವೆಂದು, ಎಂದರೆ ತಿಳಿವಿನ ಸಾಧನವೆಂದು, ಅಂಗೀಕರಿಸಿದರು. ಗೌತಮನ ನ್ಯಾಯಸೂತ್ರವು ಅದನ್ನು ಶಬ್ದಪ್ರಮಾಣದೊಳಗೆ ಸೇರಿಸಿತು. ಎಂದರೆ, ನುಡಿದವನು ಆಪ್ತನಾಗಿದ್ದರೆ, ವಿಷಯವನ್ನು ತಾನೇ ಬಲ್ಲವನೂ ಬಲ್ಲದ್ದನ್ನು ಯಥಾವತ್ತಾಗಿ ತಿಳಿಸಬಯಸುವವನೂ ಆಗಿದ್ದರೆ, ಆ ಮಾತು ಪ್ರಮಾಣ. ಅಲ್ಲವಾದರೆ ಮರವುಂಟು, ಯಕ್ಷನಿಲ್ಲ.

ಚರ್ಚಿಲ್ಲರ ಅಚ್ಚಾದ ಭಾಷಣಗಳಲ್ಲಿ ಆ ಭವಿಷ್ಯವಾಣಿಯಿಲ್ಲ. 1947ರ ಮಾರ್ಚ್ 6ರಂದು ಕಾಮನ್ಸ್ ಸಭೆಯಲ್ಲಿ ಅವರು ನುಡಿದದ್ದು ಬೇರೆ: ಭಾರತದಲ್ಲಿ ಅಧಿಕಾರ ಪಡೆಯುವವರು ಹುಲ್ಲಿನ ಬೊಂಬೆಗಳು, ಕೆಲವೇ ವರ್ಷಗಳಲ್ಲಿ ಅವರ ಸುಳಿವೂ ಉಳಿಯದು ಎಂದು. ನೆಹರೂ 1964ರವರೆಗೆ ಪ್ರಧಾನಿಯಾಗಿದ್ದರು. ಹೇಳಿದ ಭವಿಷ್ಯ ಸುಳ್ಳಾಯಿತು. ಹೇಳದ ಭವಿಷ್ಯ ಅವರ ಹೆಸರಿನಲ್ಲಿ ಊರೂರು ತಿರುಗುತ್ತಿದೆ.

ನಮ್ಮ ಬೆಂಗಳೂರಿನದೇ ಇನ್ನೊಂದು ಕಥೆಯಿದೆ. 1896ರ ಅಕ್ಟೋಬರಿನಲ್ಲಿ ತರುಣ ಸೈನ್ಯಾಧಿಕಾರಿಯಾಗಿ ಇಲ್ಲಿಯ ದಂಡಿಗೆ ಬಂದ ಚರ್ಚಿಲ್ಲರು ಪೋಲೋ ಆಡಿದರು, ಗುಲಾಬಿ ಬೆಳೆಸಿದರು, ಮಧ್ಯಾಹ್ನದ ಬಿಡುವಿನಲ್ಲಿ ಇತಿಹಾಸಕಾರ ಗಿಬ್ಬನ್ನನನ್ನೂ ದಾರ್ಶನಿಕ ಪ್ಲೇಟೋವನ್ನೂ ಓದಿ ತಮ್ಮ ಹುಟ್ಟುಧರ್ಮದಲ್ಲಿಯೇ ಶಂಕೆ ತಾಳಿದರು. ಈಗಿನ ಬೆಂಗಳೂರು ಕ್ಲಬ್ಬಿನ 1899ರ ಪುಸ್ತಕದಲ್ಲಿ, ವಸೂಲಾಗದ ಬಾಕಿಗಳ ನಡುವೆ, ಅವರ ಹೆಸರಿನೆದುರು 13 ರೂಪಾಯಿ ಎಂದಿದೆ. ಇಷ್ಟು ಪ್ರತ್ಯಕ್ಷ. ಅದು ಮದ್ಯದ ಬಾಕಿಯೆಂದೂ, ತಪ್ಪಿಸಿಕೊಂಡು ಓಡಿದರೆಂದೂ ಸೇರಿಸಿ ಹೇಳುವುದು ಆಲದ ಮರದ ಯಕ್ಷ.

ನಮ್ಮನ್ನು ಹೀನೈಸಿದವನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಸತ್ಯನಿಷ್ಠೆ ಏಕೆ ಎಂದು ಕೇಳಬಹುದು. ನಾನು ಇದನ್ನು ಬಹುಕಾಲ ಚಿಂತಿಸಿದ್ದೇನೆ. ಚರ್ಚಿಲ್ಲರ ಯುದ್ಧದ ನೆರಳು ಈ ಊರಿನ ಮೇಲೂ ಬಿದ್ದಿತ್ತು. ಸೆರೆಸಿಕ್ಕ ಇಟಲಿಯ ಸೈನಿಕರನ್ನು ಜಾಲಹಳ್ಳಿಯಲ್ಲಿ ಇರಿಸಿದ್ದರು. ಬಂಗಾಳದ ಮೇಲೆ ಬಿದ್ದದ್ದು ಬರಿಯ ನೆರಳಲ್ಲ. 1943ರ ಕ್ಷಾಮದಲ್ಲಿ ಸತ್ತವರು, ಸರ್ಕಾರದ ವಿಚಾರಣಾ ಆಯೋಗದ ಅಂದಾಜಿನಂತೆ 15 ಲಕ್ಷ, ಅನಂತರದ ವಿದ್ವಾಂಸರಲ್ಲಿ ಕೆಲವರ ಎಣಿಕೆಯಂತೆ 30 ಲಕ್ಷ. ಬರ್ಮಾ ಶತ್ರುವಶವಾದುದು, ಚಂಡಮಾರುತ, ದೋಣಿಗಳ ಜಪ್ತಿ, ಏರಿದ ಬೆಲೆ, ಇವೆಲ್ಲ ಅದಕ್ಕೆ ಕಾರಣಗಳು. ಕ್ಷಾಮವನ್ನು ಚರ್ಚಿಲ್ಲರೊಬ್ಬರೇ ಸಂಕಲ್ಪಿಸಿ ತಂದರೆಂದರೆ ಪ್ರಮಾಣವನ್ನು ಮೀರಿದಂತಾಗುವುದು. ಆದರೆ ಭಾರತವು ಧಾನ್ಯಕ್ಕಾಗಿ ಮೊರೆಯಿಟ್ಟಾಗ ಅವರ ಯುದ್ಧಸಂಪುಟವು ಕೇಳಿದಷ್ಟನ್ನು ಕಳುಹಿಸಲಿಲ್ಲವೆಂಬುದಕ್ಕೆ ಕಾಗದಪತ್ರಗಳಿವೆ. ಭಾರತೀಯರನ್ನು ಕುರಿತ ಅವರ ತಿರಸ್ಕಾರದ ನುಡಿಗಳು ಅವರದೇ ಸರ್ಕಾರದ ಭಾರತಮಂತ್ರಿ ಆಮೆರಿಯವರ ದಿನಚರಿಯಲ್ಲಿವೆ. ಇಷ್ಟು ಗಟ್ಟಿಯಾದ ಸಾಕ್ಷ್ಯದ ಪಕ್ಕದಲ್ಲಿ ಕಟ್ಟುಕಥೆಯನ್ನು ನಿಲ್ಲಿಸಿದರೆ, ಕಥೆ ಬಿದ್ದ ದಿನ ಸತ್ತವರ ದೂರಿನ ಮೇಲೂ ಜನ ಸಂಶಯಪಡುವರು. ಸತ್ತವರಿಗೆ ನಾವು ಮಾಡಬಹುದಾದ ದ್ರೋಹಗಳಲ್ಲಿ ಇದಕ್ಕಿಂತ ಹಿರಿದನ್ನು ನಾನರಿಯೆ.

ಇದನ್ನೆಲ್ಲ ಕಟ್ಟೆಯ ಮೇಲೆ ಹೇಳಿದಾಗ, ಮೊಬೈಲು ಹಿಡಿದಿದ್ದ ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಮೂವತ್ತು ವರ್ಷ ತಪಾಸಣೆಯ ವಿಭಾಗದಲ್ಲಿದ್ದವರು ಅವರು. ಪ್ರಮಾಣವೆಂದರೆ ಅಳತೆಯೂ ಹೌದೆಂಬುದನ್ನು ಕೈಯಿಂದಲೇ ಬಲ್ಲವರು. "ಗೇಜಿಗೆ ಕೂರದ ಪೀಸನ್ನು ಒಂದು ದಿನವೂ ಪಾಸ್ ಮಾಡಿದವನಲ್ಲ ರಾಯರೇ" ಎಂದರು. ಬಳಿಕ, ಆ ಮಾತನ್ನು ತಾವು ಯಾರಾರಿಗೆ ಕಳುಹಿಸಿದ್ದರೋ ಅವರಿಗೆಲ್ಲ ಒಬ್ಬೊಬ್ಬರಿಗಾಗಿ, ಅದು ಚರ್ಚಿಲ್ಲರದಲ್ಲವೆಂದು ಅಲ್ಲಿಯೇ ಕುಳಿತು ಬರೆದು ತಿಳಿಸಿದರು.