ಮೊಳಕೆಯನ್ನು ನೋಡುವ ಬಗೆ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಕನ್ನಡಿಗರು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಬಳಸುತ್ತಾರೆ. ಮಗುವೊಂದು ವಯಸ್ಸಿಗೆ ಮೀರಿದ ಜಾಣ್ಮೆ ತೋರಿದಾಗ ಮೆಚ್ಚಿ ಹೇಳುವುದು ಒಂದು. ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ಕಂಡು, ಇದರಿಂದ ಮುಂದೆ ಏನಾದೀತು ಎಂದು ಕೈಬಿಡುವ ಧ್ವನಿಯಲ್ಲಿ ಹೇಳುವುದು ಇನ್ನೊಂದು. ತಮಿಳಿನಲ್ಲಿಯೂ ‘ವಿಳೈಯುಂ ಪಯಿರ್ ಮುಳೈಯಿಲೇ ತೆರಿಯುಂ’ ಎಂಬ ರೂಪದಲ್ಲಿ ಇದೇ ಮಾತು ಜನಜನಿತವಾಗಿರುವುದರಿಂದ, ತಮಿಳುನಾಡಿನ ತೇನಿ ಜಿಲ್ಲೆ ಮತ್ತು ಅದರ ದಕ್ಷಿಣ ಭಾಗವಾದ ಕಂಬಂ ಕಣಿವೆಯಲ್ಲಿ, ಮನೆಯಲ್ಲಿ ಕನ್ನಡ ಮತ್ತು ಶಾಲೆಯಲ್ಲಿ ತಮಿಳು ಆಡಿ ಬೆಳೆಯುವ ಕಪ್ಪಿಲಿಯ ಮತ್ತು ಅನುಪ್ಪ ಒಕ್ಕಲು ಮನೆತನಗಳ ಮಕ್ಕಳೂ ದಿಂಡಿಗಲ್ ಸುತ್ತಿನ ಕನ್ನಡದ ದೇವಾಂಗ ನೇಕಾರರ ಮಕ್ಕಳೂ ಈ ಗಾದೆಯನ್ನು ಎರಡೂ ಭಾಷೆಗಳಲ್ಲಿ ಕೇಳಬಲ್ಲರು. ಆರರಿಂದ ಎಂಟನೆಯ ತರಗತಿಯವರೆಗಿನ, ಅಂದರೆ ಸುಮಾರು 11ರಿಂದ 14 ವರ್ಷದೊಳಗಿನ ಮಕ್ಕಳ ಮುಂದಿನ ಬದುಕಿನ ಗುರಿಯ ವಿಚಾರ ಬಂದಾಗ ಈ ಮಾತು ತೀರ್ಪಾಗಿ ಬಳಕೆಯಾಗುವುದೇ ಹೆಚ್ಚು. ಆದರೆ ಹೊಲದಲ್ಲಿ ಹುಟ್ಟಿದ ಈ ಮಾತು ಮೂಲತಃ ಮೊಳಕೆಯ ಮೇಲೆ ಕೊಟ್ಟ ತೀರ್ಪಲ್ಲ, ನೋಡುವವನಿಗೆ ಒಪ್ಪಿಸಿದ ಕೆಲಸ ಎಂದು ಓದುವುದೇ ಸರಿ.

ತೀರ್ಪಿನ ಅರ್ಥ ಇಷ್ಟು ಬಲವಾಗಿ ನಿಲ್ಲಲು ಕಾರಣವೆಂದರೆ, ಗಾದೆಯನ್ನು ಜನ ಬಹುತೇಕ ಮರ ಬೆಳೆದ ಮೇಲೆ ಹೇಳುತ್ತಾರೆ. ಸಂಗೀತ ನಿರ್ದೇಶಕ ಇಳಯರಾಜಾ ಅವರು ಹುಟ್ಟಿದ್ದು 1943ರಲ್ಲಿ, ಇಂದಿನ ತೇನಿ ಜಿಲ್ಲೆಯ ಪಣ್ಣೈಪುರದಲ್ಲಿ. ಅಣ್ಣ ಪಾವಲರ್ ವರದರಾಜನ್ ಅವರ ಸಂಗೀತ ತಂಡವನ್ನು ಸೇರಿ ಊರೂರು ತಿರುಗಲು ಹೊರಟಾಗ ಅವರಿಗೆ 14 ವರ್ಷ. ಇದನ್ನು ಇಂದು ಓದುವವರಿಗೆ ಸಿರಿ ಮೊಳಕೆಯಲ್ಲೇ ಕಾಣಿಸುತ್ತಿತ್ತು ಎನಿಸುವುದು ಸಹಜ. ಆದರೆ ಅಂದು ಕಣ್ಣಿಗೆ ಬೀಳುತ್ತಿದ್ದದ್ದು ಹಾಡಿನ ತಂಡದೊಡನೆ ಅಲೆಯುವ ಒಬ್ಬ ಬಡ ಹುಡುಗ ಮಾತ್ರ. ಹುಡುಗನಲ್ಲಿ ಇದ್ದ ಶಕ್ತಿ ಎಷ್ಟು ನಿಜವೋ, ಮನೆಯೊಳಗೇ ಒಂದು ತಂಡವಿದ್ದು, ಜೊತೆಗೆ ಕರೆದುಕೊಂಡು ಹೋಗುವ ಅಣ್ಣನೊಬ್ಬನಿದ್ದನೆಂಬುದೂ ಅಷ್ಟೇ ನಿಜ. ಅಂಥ ಅಣ್ಣನಿಲ್ಲದ ಎಷ್ಟು ಮೊಳಕೆಗಳು ಅದೇ ಕಣಿವೆಯಲ್ಲಿ ಯಾರ ಗಮನಕ್ಕೂ ಬಾರದೆ ಹೋದವೆಂಬುದಕ್ಕೆ ಲೆಕ್ಕವಿಲ್ಲದ ಕಾರಣ, ಗೆದ್ದವರನ್ನು ಮಾತ್ರ ಸಾಕ್ಷಿಗೆ ಕರೆಯುವ ಈ ಓದು ನಂಬಿಕೆಗೆ ಅರ್ಹವಲ್ಲ.

ಗಾದೆಯ ಉಪಮಾನವನ್ನು ಅದರ ನೆಲದಲ್ಲಿಯೇ ಇಟ್ಟು ನೋಡಬೇಕು. ಪಶ್ಚಿಮಕ್ಕೆ ಹರಿಯುತ್ತಿದ್ದ ಪೆರಿಯಾರ್ ನದಿಯ ನೀರನ್ನು ಅಣೆಕಟ್ಟಿನಲ್ಲಿ ತಡೆದು, ಘಟ್ಟದೊಳಗೆ ಸುರಂಗ ಕೊರೆದು ಪೂರ್ವಕ್ಕೆ ತಿರುಗಿಸಿದ ಯೋಜನೆ ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರರ ಮುಂದಾಳತ್ವದಲ್ಲಿ 1895ರಲ್ಲಿ ಪೂರ್ಣಗೊಂಡ ಮೇಲೆ, ಕಂಬಂ ಕಣಿವೆ ಭತ್ತದ ಎರಡು ಬೆಳೆಯ ನಾಡಾಯಿತು. ಭತ್ತದ ಬೀಜವನ್ನು ಒಂದು ದಿನ ನೆನೆಸಿ, ನೀರು ಬಸಿದು, ಒದ್ದೆ ಗೋಣಿಚೀಲದಲ್ಲಿ ಕಟ್ಟಿ ಬೆಚ್ಚಗಿಟ್ಟರೆ ಮಾರನೆಯ ದಿನಕ್ಕೆ ಬಿಳಿಯ ಮೊಳಕೆ ಇಣುಕುತ್ತದೆ; ಅದನ್ನು ಸಸಿಮಡಿಗೆ ಚೆಲ್ಲಿ, ಮೂರು ನಾಲ್ಕು ವಾರಗಳ ಸಸಿಯನ್ನು ಕಿತ್ತು ಗದ್ದೆಯಲ್ಲಿ ನಾಟಿ ಮಾಡುತ್ತಾರೆ. ಈ ವಾರಗಳಲ್ಲಿ ರೈತ ಬದುವಿನ ಮೇಲೆ ನಿಂತು ಎಷ್ಟು ಮೂಟೆ ಆದೀತೆಂದು ಎಣಿಸುವುದಿಲ್ಲ. ಮಡಿಯ ಯಾವ ಮೂಲೆಯಲ್ಲಿ ನೀರು ನಿಂತಿದೆ, ಯಾವುದು ಒಣಗಿದೆ, ಎಲೆಯ ಬಣ್ಣ ಯಾಕೆ ತಿರುಗಿತು ಎಂದು ನೋಡುತ್ತಾನೆ. ಎಲೆ ಹಳದಿಯಾದರೆ ಬೀಜವನ್ನು ದೂರದೆ ಮಣ್ಣಿನಲ್ಲಿ ಏನು ಕಡಿಮೆಯಾಗಿದೆ ಎಂದು ಹುಡುಕುತ್ತಾನೆ. ಇನ್ನೊಂದು ಸಂಗತಿಯೂ ಇಲ್ಲಿ ಮುಖ್ಯವಾದದ್ದು. ಭತ್ತದ ಸಸಿಯ ನಡುವೆ ಅದನ್ನೇ ಹೋಲುವ ಒಂದು ಕಳೆಹುಲ್ಲು ಬೆಳೆಯುತ್ತದೆ. ಎಳೆಯದರಲ್ಲಿ ಎರಡನ್ನೂ ಬೇರೆ ಮಾಡಬೇಕಾದರೆ ಎಲೆಯು ಕಾಂಡವನ್ನು ಸೇರುವ ಕಡೆ ಬಾಗಿ ನೋಡಬೇಕು, ಭತ್ತಕ್ಕೆ ಅಲ್ಲಿ ತೆಳುವಾದ ಪೊರೆಯೊಂದು ಇರುತ್ತದೆ, ಕಳೆಗೆ ಇರುವುದಿಲ್ಲ. ನಿಂತ ನಿಲುವಿನಲ್ಲಿ, ದೂರದಿಂದ ನೋಡಿದವನಿಗೆ ಮೊಳಕೆ ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲವೆಂಬ ಈ ಅನುಭವವೇ ಗಾದೆಯ ಹಿಂದಿರುವ ತಿಳಿವಳಿಕೆ.

ಮಧ್ಯಮ ಶಾಲೆಯ ವಯಸ್ಸಿನಲ್ಲಿ ಹೀಗೆ ಹತ್ತಿರದಿಂದ ನೋಡಬೇಕಾದದ್ದು ಏನು ಎಂಬುದಕ್ಕೆ ಅಮೆರಿಕದ ವಿದ್ವಾಂಸೆ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ಮಂಡಿಸಿದ ಸಿದ್ಧಾಂತವೊಂದು ನೆರವಾಗುತ್ತದೆ. ಮಕ್ಕಳು ಮುಂದಿನ ವೃತ್ತಿಯನ್ನು ಆರಿಸಿಕೊಳ್ಳುವುದಕ್ಕಿಂತ ಬಹಳ ಮೊದಲೇ, ತಮಗೆ ಅಲ್ಲದ್ದು ಎಂದು ಕಾಣುವ ವೃತ್ತಿಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಹೊಡೆದುಹಾಕುತ್ತ ಬರುತ್ತಾರೆ ಎಂಬುದು ಅದರ ಸಾರ. ಆಯ್ಕೆಯ ಅಂಗಳ ಹೀಗೆ ಕಿರಿದಾಗುತ್ತ ಹೋಗುವುದನ್ನು ಪರಿಮಿತಿಯ ಕ್ರಿಯೆ ಎನ್ನಬಹುದು. 6ರಿಂದ 8 ವರ್ಷದೊಳಗೆ ಇದು ಗಂಡಸರ ಕೆಲಸ, ಇದು ಹೆಂಗಸರ ಕೆಲಸ ಎಂಬ ಗೆರೆಯಿಂದಲೂ, 9ರಿಂದ 13ರೊಳಗೆ ನಮ್ಮಂಥವರಿಗೆ ಇದು ನಿಲುಕುತ್ತದೆ, ಇದು ನಿಲುಕುವುದಿಲ್ಲ ಎಂಬ ಅಂತಸ್ತಿನ ಅಳತೆಯಿಂದಲೂ ಈ ಕೆಲಸ ನಡೆಯುತ್ತದೆ. ತನ್ನ ಒಲವೇನು, ತನ್ನ ಸ್ವಭಾವವೇನು ಎಂಬ ಪ್ರಶ್ನೆ ಮಗುವಿನಲ್ಲಿ ಗಟ್ಟಿಯಾಗಿ ಮೂಡುವುದು 14ರ ಸುಮಾರಿಗೆ, ಅಷ್ಟರಲ್ಲಿ ಬಹುಪಾಲು ಬಾಗಿಲುಗಳು ಮುಚ್ಚಿರುತ್ತವೆ. ಆದ್ದರಿಂದ ದೊಡ್ಡವನಾದ ಮೇಲೆ ಏನಾಗುತ್ತೀ ಎಂದು ಕೇಳಿ, ಡಾಕ್ಟರ್, ಕಲೆಕ್ಟರ್, ಪೊಲೀಸ್ ಎಂಬ ಉತ್ತರ ಪಡೆದು ತೃಪ್ತರಾಗುವ ಮೇಷ್ಟರಿಗೆ ಆ ಮಗು ಏನನ್ನು ಈಗಾಗಲೇ ಬಿಟ್ಟುಕೊಟ್ಟಿದೆ ಎಂಬುದು ತಿಳಿಯುವುದೇ ಇಲ್ಲ. ಮೊಳಕೆಯಲ್ಲಿ ನೋಡಬೇಕಾದದ್ದು ಮೊದಲು ಅದನ್ನೇ.

ಈ ಕಣಿವೆಯಲ್ಲಿ ಬಾಗಿಲುಗಳು ಯಾಕೆ ಬೇಗ ಮುಚ್ಚುತ್ತವೆ ಎಂಬುದು ಊಹೆಗೆ ಮೀರಿದ್ದಲ್ಲ. ಕಂಬಂ, ಗೂಡಲೂರು, ಬೋಡಿನಾಯಕನೂರುಗಳಿಂದ ಬೆಳಗಿನ ಜಾವ ಜೀಪುಗಳಲ್ಲಿ ತುಂಬಿಕೊಂಡು, ಕುಮಳಿಯ ಅಥವಾ ಬೋಡಿಮೆಟ್ಟಿನ ದಾರಿಯಲ್ಲಿ ಘಟ್ಟ ಹತ್ತಿ, ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಲ್ಲಿ ದುಡಿದು ಸಂಜೆಗೆ ಇಳಿಯುವ ತಾಯಂದಿರ ಮಕ್ಕಳಿಗೆ ಏಲಕ್ಕಿಯೆಂದರೆ ಕೊಯ್ಲಿನ ಕೂಲಿ. ಅದೇ ಏಲಕ್ಕಿ ಇಡುಕ್ಕಿಯ ಮೈಲಾಡುಂಪಾರೆಯ ಭಾರತೀಯ ಏಲಕ್ಕಿ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಗಳ ವಿಷಯವಾಗುತ್ತದೆ. ಒಣಗಿದ ಮೇಲೆ ಜರಡಿ ಹಿಡಿದು 8 ಮಿಲಿಮೀಟರಿಗೆ ಮೇಲ್ಪಟ್ಟ ಕಾಯಿ, 7ರಿಂದ 8ರದ್ದು ಎಂದು ಬೇರ್ಪಡುತ್ತದೆ. ಮಸಾಲೆ ಮಂಡಳಿಯ ವ್ಯವಸ್ಥೆಯಲ್ಲಿ ಬೋಡಿನಾಯಕನೂರಿನಲ್ಲೇ ಕಂಪ್ಯೂಟರಿನ ಮೂಲಕ ಹರಾಜಾಗುತ್ತದೆ. ರಫ್ತಾಗುವ ಮುಂಚೆ ಕೀಟನಾಶಕದ ಉಳಿಕೆಗಾಗಿ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ತಾಯಿಯ ಕೈಯಿಂದ ಹೊರಟ ಒಂದೇ ಕಾಯಿಯ ಸುತ್ತ ಸಸ್ಯವಿಜ್ಞಾನಿ, ರಸಾಯನವಿಜ್ಞಾನಿ, ವರ್ತಕ, ಲೆಕ್ಕಿಗ, ಯಂತ್ರ ರಿಪೇರಿ ಮಾಡುವವ ಎಂದು ಹತ್ತಾರು ಬದುಕುಗಳು ನಿಂತಿವೆಯಾದರೂ, ಏಳನೆಯ ತರಗತಿಯ ಹುಡುಗಿಗೆ ಕಾಣುವುದು ತಾಯಿಯ ಕೂಲಿ ಮಾತ್ರ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಕಾನೂನಿನ ರಕ್ಷಣೆ, ಪಡೆದ ಕಂಬಂ ಪನ್ನೀರ್ ದ್ರಾಕ್ಷಿಗೂ ಇದೇ ಮಾತು ಸಲ್ಲುತ್ತದೆ. ದಿಂಡಿಗಲ್ ಕಡೆಯ ಕಥೆ ಇನ್ನೂ ಕಠಿಣ. ಮದುವೆಯ ಹೊತ್ತಿಗೆ ಒಟ್ಟಿಗೆ ಹಣ ಕೊಡುವ ಮಾತಿನ ಮೇಲೆ ಹದಿಹರೆಯದ ಹುಡುಗಿಯರನ್ನು ಹಾಸ್ಟೆಲುಗಳಲ್ಲಿ ಇರಿಸಿ ನೂಲಿನ ಗಿರಣಿಗಳಲ್ಲಿ ದುಡಿಸಿಕೊಂಡ ‘ಸುಮಂಗಲಿ’ ಪದ್ಧತಿ ಬೇರೂರಿದ್ದ ಜಿಲ್ಲೆಗಳಲ್ಲಿ ಅದೂ ಒಂದು. ಅಲ್ಲಿ ಗುರಿಯನ್ನು ಮಗುವಿನ ಪರವಾಗಿ ಬಡತನವೇ ನಿಶ್ಚಯಿಸಿತ್ತು.

ಒಂದೇ ನೋಟದಲ್ಲಿ ಯೋಗ್ಯತೆಯನ್ನು ನಿರ್ಧರಿಸುವ ಕ್ರಮಕ್ಕೆ ಕಂಬಂನಲ್ಲೇ ಒಂದು ಗಂಭೀರವಾದ ಆಚರಣೆಯಿದೆ. ಅಲ್ಲಿನ ಕಪ್ಪಿಲಿಯರು ಪೂಜ್ಯಭಾವದಿಂದ ಸಾಕಿಕೊಂಡು ಬಂದ ದನದ ಹಿಂಡಿಗೆ ಕನ್ನಡದಲ್ಲಿ ‘ದೇವರ ಆವು’ ಎಂದೂ ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದೂ ಹೆಸರು. 1906ರ ಮದುರೈ ಜಿಲ್ಲಾ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ದಾಖಲಿಸಿರುವಂತೆ, ಹಿಂಡಿನ ಪಟ್ಟದ ಹೋರಿಯ ಸ್ಥಾನ ತೆರವಾದಾಗ ಗೊತ್ತಾದ ದಿನ ಇಡೀ ಹಿಂಡನ್ನು ಕೂಡಿಸಿ, ಕರ್ಪೂರ ಹಚ್ಚಿ, ಬಾಳೆಹಣ್ಣು, ಎಲೆಅಡಿಕೆ ಅರ್ಪಿಸಿ, ದನಗಳ ಮುಂದೆ ಕಬ್ಬಿನ ಕಟ್ಟೊಂದನ್ನು ಇಡುತ್ತಾರೆ. ಮೊದಲು ಅದರ ಬಳಿ ಬರುವ ಹೋರಿಗೆ ಪಟ್ಟ. ದೈವದ ಇಚ್ಛೆಯನ್ನು ಕೇಳಿಕೊಳ್ಳುವ ವಿಧಾನವಾಗಿ ಇದಕ್ಕೆ ತನ್ನದೇ ಆದ ಘನತೆಯಿದೆ, ಆ ಘನತೆಯನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ. ಆದರೆ ಶಾಲೆಗೆ ಆ ಅಧಿಕಾರವಿಲ್ಲ. ಆರನೆಯ ತರಗತಿಯ ಒಂದು ಗಣಿತ ಪಾಠದಲ್ಲಿ ಮೊದಲು ಕೈಯೆತ್ತಿದವನನ್ನು ಎಂಜಿನಿಯರ್ ಎಂದೂ, ಸುಮ್ಮನೆ ಕುಳಿತವಳನ್ನು ಗಿರಣಿಗೆಂದೂ ಮನಸ್ಸಿನಲ್ಲೇ ಹಂಚಿಬಿಡುವ ಉಪಾಧ್ಯಾಯರು ಕಬ್ಬಿನ ಕಟ್ಟನ್ನೇ ಇಟ್ಟಿರುತ್ತಾರೆ, ದೇವರ ಸಾಕ್ಷಿಯಿಲ್ಲದೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗು ತಮಿಳಿನ ಪಾಠಕ್ಕೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಸಮಯವನ್ನು ದಡ್ಡತನವೆಂದು ಎಣಿಸುವ ಅಪಾಯವಂತೂ ಯಾವಾಗಲೂ ಇದೆ.

ಒಂದೇ ನೋಟದ ಇಂಥ ತೀರ್ಪಿಗೆ ಪ್ರತಿಯಾಗಿ ನಿಲ್ಲುವ ಬಾಳು ದಿಂಡಿಗಲ್ ಬಳಿಯ ಗಾಂಧಿಗ್ರಾಮದಲ್ಲಿದೆ. ಉದ್ಯಮಿ ಟಿ.ವಿ. ಸುಂದರಂ ಅಯ್ಯಂಗಾರರ ಮಗಳು ಟಿ.ಎಸ್. ಸೌಂದರಂ ಅವರಿಗೆ ಎಳವೆಯಲ್ಲೇ ಮದುವೆಯಾಗಿ, ಚಿಕ್ಕ ವಯಸ್ಸಿನಲ್ಲೇ ವೈಧವ್ಯ ಬಂತು. ಅಂದಿನ ಸಮಾಜದ ಕಣ್ಣಿನಲ್ಲಿ ಆ ಮೊಳಕೆ ಅಲ್ಲಿಗೆ ಕಮರಿತ್ತು. ಅವರು ಮತ್ತೆ ಓದಿಗೆ ತಿರುಗಿ, ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತು ವೈದ್ಯೆಯಾದರು, ಮರುಮದುವೆಯಾದರು, ಪತಿ ಜಿ. ರಾಮಚಂದ್ರನ್ ಅವರೊಡನೆ 1947ರಲ್ಲಿ ಗಾಂಧಿಗ್ರಾಮವನ್ನು ಕಟ್ಟಿದರು. 12ನೆಯ ವಯಸ್ಸಿನಲ್ಲಿ ಕಾಣದ ಸಿರಿ ಇದು. ಗಾಂಧಿಗ್ರಾಮ ಕೈಗೆತ್ತಿಕೊಂಡ ‘ನಯೀ ತಾಲೀಮ್’, ಅಂದರೆ ಗಾಂಧೀಜಿ 1937ರಲ್ಲಿ ವರ್ಧಾದ ಸಮ್ಮೇಳನದಲ್ಲಿ ಮುಂದಿಟ್ಟ, ಕೈಕಸುಬಿನ ಮೂಲಕ ಉಳಿದ ವಿದ್ಯೆಗಳನ್ನು ಕಲಿಸುವ ಬುನಾದಿ ಶಿಕ್ಷಣ, 7ರಿಂದ 14 ವರ್ಷದ ಮಕ್ಕಳಿಗಾಗಿಯೇ ರೂಪುಗೊಂಡದ್ದೆಂಬುದನ್ನು ಇಲ್ಲಿ ನೆನೆಯಬೇಕು. ಕೆಲಸದ ಲೋಕವನ್ನು ಕೈಯಿಂದ ಮುಟ್ಟಿದ ಮಗು ತನಗೆ ಏನು ಒಗ್ಗುತ್ತದೆ ಎಂಬುದನ್ನು ತಾನೇ ಕಂಡುಕೊಳ್ಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಬಡಗಿ, ತೋಟಗಾರ, ಕುಂಬಾರ, ಕಲಾವಿದರಂಥವರ ಜೊತೆ ಕಳೆಯಲು 10 ಚೀಲರಹಿತ ದಿನಗಳನ್ನು ಸೂಚಿಸಿರುವುದರಲ್ಲಿಯೂ ಇದೇ ವಿಚಾರದ ಪ್ರತಿಧ್ವನಿಯಿದೆ. ತಮಿಳುನಾಡು ಆ ನೀತಿಯನ್ನು ಒಪ್ಪಿಲ್ಲ. ಆದರೂ ಬೋಡಿನಾಯಕನೂರಿನ ಹರಾಜು ಕೇಂದ್ರಕ್ಕೋ, ಪೆರಿಯಕುಳಂನ ತೋಟಗಾರಿಕೆ ಕಾಲೇಜಿಗೋ, ದಿಂಡಿಗಲ್ಲಿನ ಬೀಗ ಮಾಡುವವರ ಕಾರ್ಯಾಗಾರಕ್ಕೋ ಮಕ್ಕಳನ್ನು ಕರೆದೊಯ್ಯಲು ಯಾವ ನೀತಿಯ ಅಪ್ಪಣೆಯೂ ಬೇಕಿಲ್ಲ.

ಹಾಗೆ ಹೋಗಿ ಬಂದ ಮೇಲೆ ಕೇಳುವ ಪ್ರಶ್ನೆ ಬೇರೆಯಾಗಿರಬೇಕು: ಇಂದು ಕಂಡ ಕೆಲಸಗಳಲ್ಲಿ ನಿನ್ನದಲ್ಲ ಎನಿಸಿದ್ದು ಯಾವುದು, ಯಾಕೆ? ಹುಡುಗಿ ಎಂದೋ, ಹಣವಿಲ್ಲವೆಂದೋ, ಇಂಗ್ಲಿಷ್ ಬಾರದೆಂದೋ ಬರುವ ಉತ್ತರಗಳಲ್ಲಿ ಶಿಕ್ಷಕರಿಗೆ ಕೆಲಸ ಸಿಗುತ್ತದೆ. ನನಗೆ ಇಷ್ಟವಾಗಲಿಲ್ಲ ಎಂಬ ಉತ್ತರವನ್ನಾದರೋ ಗೌರವದಿಂದ ಬಿಟ್ಟುಬಿಡಬೇಕು. ಗುರಿ ಬರೆಸುವಾಗಲೂ ಬಯಕೆಯನ್ನಷ್ಟೇ ಬರೆಸಿದರೆ ಸಾಲದು. ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಎಟಿಂಗೆನ್ ಅವರ ಸಂಶೋಧನೆಗಳು ತೋರಿಸುವಂತೆ, ಆಗಿಹೋದ ಗೆಲುವನ್ನು ಕಲ್ಪಿಸಿಕೊಂಡು ಸುಖಿಸುವವರ ಪ್ರಯತ್ನ ಸಡಿಲವಾಗುತ್ತದೆ; ಬಯಕೆಯ ಪಕ್ಕದಲ್ಲೇ ತನ್ನ ದಾರಿಯ ಅಡ್ಡಿಯನ್ನೂ ಅದು ಎದುರಾದಾಗ ಮಾಡಬೇಕಾದುದನ್ನೂ ಇಡುವವರು ಮುಂದೆ ಸಾಗುತ್ತಾರೆ. ಈ ವಯಸ್ಸಿಗೆ ಆರು ತಿಂಗಳಲ್ಲಿ ಮುಟ್ಟಬಹುದಾದ, ಮುಟ್ಟಿದ ಮೇಲೆ ಬದಲಿಸಬಹುದಾದ ಗುರಿಯೇ ಸಾಕು.

ಮಕ್ಕಳ ಜೊತೆಗೆ ಹಿರಿಯರಿಗೂ ತಿಳಿಯಬೇಕಾದ ಲೆಕ್ಕವೊಂದಿದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಪ್ರವೇಶದಲ್ಲಿ ಶೇಕಡ 7.5ರ ಮೀಸಲು ಕೊಟ್ಟ 2020ರ ತಮಿಳುನಾಡಿನ ಕಾನೂನೂ, ಕಾಲೇಜಿಗೆ ಸೇರಿದ ಹುಡುಗಿಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ 2022ರ ‘ಪುದುಮೈ ಪೆಣ್’ ಯೋಜನೆಯೂ ತಮ್ಮ ಮೂಲ ನಿಯಮದಲ್ಲಿ ಆರನೆಯ ತರಗತಿಯಿಂದ ಹನ್ನೆರಡರವರೆಗಿನ ಸರ್ಕಾರಿ ಶಾಲೆಯ ಓದನ್ನು ಎಣಿಸುತ್ತವೆ. ಎಂಟನೆಯ ತರಗತಿಯಲ್ಲಿ ನಡೆಯುವ ರಾಷ್ಟ್ರೀಯ ಆದಾಯ ಮತ್ತು ಪ್ರತಿಭಾ ಆಧಾರಿತ ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ಗೆದ್ದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಹನ್ನೆರಡನೆಯ ತರಗತಿಯಲ್ಲಿ ಇದು ಗೊತ್ತಾದರೆ ಕಾಲ ಮೀರಿರುತ್ತದೆ. ಆದ್ದರಿಂದ ಆರನೆಯ ತರಗತಿಯ ಮೊದಲ ಪೋಷಕರ ಸಭೆಯಲ್ಲೇ, ಬೇಕಾದರೆ ಕನ್ನಡದಲ್ಲೂ, ಇದನ್ನು ಬಿಡಿಸಿ ಹೇಳಬೇಕು, ಆ ಸಭೆಯನ್ನು ಬೆಳಗ್ಗೆ ಹತ್ತಕ್ಕೆ ಇಡದೆ ಜೀಪುಗಳು ಘಟ್ಟ ಇಳಿದ ಮೇಲೆ ಇಟ್ಟರೆ ತಾಯಂದಿರೂ ಬಂದು ಕೇಳಲು ಸಾಧ್ಯವಾಗುತ್ತದೆ.